ಮುರಿದ ಎಲುಬಿನ ಚಿತ್ರ

ಬಾದಾಮಿ
೧೨ ಫೆಬ್ರುವರಿ ೧೯೨೧

ಪ್ರೀತಿಯ ಮಗಳು ಶಹರಬಾನುಗೆ ನಿನ್ನ ಅಬ್ಬಾನ ದುವಾಗಳು.

ಇಳಕಲ್ಲಿನಿಂದ ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಹೆಣ್ಣು ಕೂಸು ಹುಟ್ಟಿದ ಸುದ್ದಿಗೆ ಕೂಡಲೇ ಉತ್ತರ ಬರೆಯದ ಈ ಅಜ್ಜನನ್ನು ಕ್ಷಮಿಸು. ಮೈಯಲ್ಲಿ ಹುಷಾರಿದ್ದೇನೆ. ಕೈ ಮಾತ್ರ ಲೇಖನಿ ಹಿಡಿಯಲು ಒಪ್ಪಲಿಲ್ಲ.

ನಿನ್ನದರ ಜೊತೆಗೇ ಕಲಕತ್ತೆಯ ಮ್ಯೂಜಿಯಮ್ಮಿನ ಸಾಹೇಬರ ಕಾಗದವೂ ಬಂತು. ಅಲ್ಲಿ ಹತ್ತು ವರ್ಷ ನಾನು ಎಲುಬುಗಳ ಚಿತ್ರ ಬರೆಯುತ್ತಿದ್ದುದು ನಿನಗೆ ಗೊತ್ತು. ಎರಡೇ ಕಾಲಿನ ಮೇಲೆ ನಡೆದು, ಮಾಂಸ ತಿಂದು ಬದುಕಿ, ಕಲ್ಲಾಗಿ ಹೋದ ಪ್ರಾಣಿಗಳು. ಸಾಹೇಬರು ಡೈನೋಸಾರ ಎನ್ನುತ್ತಿದ್ದರು. ಯಾವುದು ಯಾವುದರ ಬಳಗ ಎಂದು ಹುಡುಕುವುದು ಅವರ ಕೆಲಸ. ಹಲ್ಲು ನೋಡಿ ಮೋಸಹೋಗಬೇಡ, ಮಾಂಸ ತಿನ್ನುವುದಕ್ಕೆಲ್ಲ ಹಲ್ಲು ಹಾಗೇ ಇರುತ್ತದೆ, ಕಾಲಿನ ಹರಡು, ಪಾದ ಕೂಡುವ ಕೀಲು, ಅದನ್ನು ನೋಡು ಎನ್ನುತ್ತಿದ್ದರು. ಹರಡಿನ ಎಲುಬಿನಿಂದ ಹೊರಟ ಚಾಚು ಮೊಳಕಾಲಿನತ್ತ ಎತ್ತರ ಏರಿದ್ದರೆ ಅದು ಹಕ್ಕಿಗಳಿಗೆ ಹತ್ತಿರದ ಬಳಗ, ಗಿಡ್ಡವಿದ್ದರೆ ಬೇರೆ.

ಒಂದು ಪ್ರಾಣಿಯ ಹರಡು ಮುರಿದಿತ್ತು. ಸಾಹೇಬರು ಜ್ವರದಿಂದ ಮಲಗಿದ್ದರು. ಅರ್ಧ ಎಲುಬು ಕಾಗದದ ಮೇಲೆ ಕೆಟ್ಟದಾಗಿ ಕಂಡಿತೆಂದು ಕೋಳಿಯ ಹರಡಿನಂತೆ ಎತ್ತರದ ಚಾಚು ಬರೆದು ನಾನೇ ಪೂರ್ತಿ ಮಾಡಿದೆ. ಆಮೇಲೆ ಎಲುಬು ಪುಡಿಯಾಯಿತು. ಸಾಹೇಬರು ನನ್ನ ಚಿತ್ರ ನಂಬಿ ಆ ಪ್ರಾಣಿಯನ್ನು ಹಕ್ಕಿಗಳ ಬಳಗಕ್ಕೆ ಸೇರಿಸಿ ಪುಸ್ತಕ ಅಚ್ಚು ಹಾಕಿಸಿದರು.

ಈಗ ಅದೇ ಜಾತಿಯ ಇನ್ನೊಂದು ಪ್ರಾಣಿಯ ಇಡೀ ಹರಡು ಸಿಕ್ಕಿದೆಯಂತೆ. ಚಾಚು ಬೆರಳಷ್ಟೂ ಇಲ್ಲ. ಇಂಗ್ಲಿಷ್ ಕಾಗದವನ್ನು ನನಗೆ ಓದಿ ಹೇಳಿದವರು ಸಾಲಿ ಮಾಸ್ತರ ಕೃಷ್ಣಾಜಿ.

"ಸಾಹೇಬರು ತಪ್ಪು ನಿಮ್ಮ ಮ್ಯಾಲ ಹಾಕಿಲ್ರಿ. ಜ್ವರದಾಗ ನನ್ನ ಕಣ್ಣ ತಪ್ಪಿತು ಅಂತ ಬರದಾರ."

ಆ ಹರಡನ್ನು ಪೂರ್ತಿ ಮಾಡಿದವನು ನಾನೇ ಎಂದು ಅವರಿಗೆ ಹೇಳಿದೆ.

"ಯಾರಿಗೂ ಗೊತ್ತಿಲ್ಲ, ಸುಮ್ಮನಿದ್ದುಬಿಡ್ರಿ ಮುರ್ತುಜಸಾಬ," ಎಂದರು ಮಾಸ್ತರ.

"ನನಗ ಗೊತ್ತೈತಲ್ರಿ. ನಾ ಹೇಳಿದಂಗ ಸಾಹೇಬರಿಗೆ ಬರೀರಿ."

ತಪ್ಪು ಒಪ್ಪಿಕೊಂಡ ಆ ಕಾಗದವನ್ನು ನಿನ್ನೆ ಟಪಾಲಿಗೆ ಹಾಕಿದೆ. ಆದರೂ ಮನಸ್ಸು ನೆಲೆಗೆ ಬಂದಿಲ್ಲ.

ನೀನು ಬಾಣಂತಿ, ತಣ್ಣೀರು ಮುಟ್ಟಬೇಡ. ಅಳಿಯ ಜಲಾಲುದ್ದೀನನಿಗೆ ಸಲಾಮು ಹೇಳು. ಕೂಸಿಗೆ ಅಲ್ಲಾಹನು ದೊಡ್ಡ ಆಯುಷ್ಯ ಕೊಡಲಿ.

ನಿನ್ನ ಅಬ್ಬಾ,
ಮುರ್ತುಜಸಾಬ

ತಾ.ಕ.: ಕೂಸಿನ ಮೂಗು ಪೆಟ್ಟಿಗೆಯಲ್ಲಿಟ್ಟ ನಿನ್ನ ಅಮ್ಮಿಯ ಚಿತ್ರದಲ್ಲಿದ್ದಂತೆಯೇ ಇದೆ, ನೋಡಿ ಮನೆಯವರೆಲ್ಲ ಅತ್ತರು ಎಂದು ಬರೆದಿದ್ದೀ. ಅವಳು ಪ್ಲೇಗಿನಲ್ಲಿ ತೀರಿದಾಗ ನಿನಗೆ ಎಂಟು ತಿಂಗಳು. ನಾನು ರಜೆಗೆ ಬಂದಾಗ, ಏಳು ವರ್ಷದ ನೀನು ಹಟ ಹಿಡಿದೆಯೆಂದು ಆ ಚಿತ್ರ ಬರೆದೆ. ಹಣೆ, ಕಣ್ಣು ಅವಳವೇ. ಮೂಗು ಎಷ್ಟು ನೆನೆದರೂ ಬರಲಿಲ್ಲ. ನೀನು ಎದುರಿಗೆ ಕಾಯುತ್ತ ಕುಳಿತಿದ್ದೆ, ನಾನು ಒಂದು ಮೂಗು ಬರೆದುಬಿಟ್ಟೆ. ಅದು ಯಾರ ಮೂಗೋ ನನಗೆ ಗೊತ್ತಿಲ್ಲ, ಮಗಳೇ.