ಟೆರೇಸಿನ ಮೇಲಿನ ದೋಣಿ

ಬಸವನಗುಡಿ
ಗುರುವಾರ

ಮನೆಯ ಮಾಲೀಕರಾದ ಬದರೀನಾರಾಯಣ ಮೇಷ್ಟ್ರಿಗೆ, ಮೇಲಿನ ಮಹಡಿಯ ಸರ್ವಮಂಗಳಾ ಮಾಡುವ ನಮಸ್ಕಾರಗಳು.

'ಮೀನು ಹಿಡಿಯೋರಿಗೆ ಈ ಮನೇಲಿ ಜಾಗ ಇಲ್ಲ, ತಿಂಗಳ ಕೊನೆಗೆ ಖಾಲಿ ಮಾಡಮ್ಮ' ಎಂದು ನೀವು ಬರೆದ ಚೀಟಿ ತಲುಪಿತು. ಹಿಡಿಯುವುದು ನಿಜ. ಪ್ರತಿ ಭಾನುವಾರ ಟೆರೇಸಿನಿಂದ ನನ್ನ ಕಯಾಕ್ ದೋಣಿ ಇಳಿಸಿಕೊಂಡು ಡ್ಯಾಮಿನ ಹಿನ್ನೀರಿಗೆ ಹೋಗುತ್ತೇನೆ. ಬಾಸ್ ಮೀನು ಹಿಡಿದು, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತೇನೆ. ಗಾಳಕ್ಕೆ ಸಿಕ್ಕಿಸುವುದೂ ರಬ್ಬರ್ ಕಪ್ಪೆಯೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ನಲವತ್ತೆರಡು ವರ್ಷದಲ್ಲಿ ಮೊಟ್ಟೆಯನ್ನೂ ಮುಟ್ಟಿಲ್ಲ. ನೀವು ದಿನಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕಿ, ಹಾಗೇ ದೋಣಿಗೂ ಮೂಗಿಟ್ಟು ನೋಡುವುದು ನನಗೆ ಗೊತ್ತು. ವಾಸನೆ ಸಿಕ್ಕಿದ್ದರೆ ಈ ಚೀಟಿ ಯಾವತ್ತೋ ಬರುತ್ತಿತ್ತು.

ನಗರ್ತಪೇಟೆಯ ಅಂಗಡಿಯಲ್ಲಿ ಗುಂಡಿ, ಲೇಸು ಮಾರುವ ನನಗೆ ವಾರವಿಡೀ ಮಾತೇ ಮಾತು. ಬಾಯಿ ಮುಚ್ಚಿಕೊಂಡಿರುವ ಸುಖ ಆ ನೀರಿನ ಮೇಲೆ ಮಾತ್ರ.

ನಿನ್ನೆ ಮೆಟ್ಟಿಲ ಬಳಿ ನಿಮ್ಮ ಮನೆಯವರು, ಅಲಮೇಲು ಅಮ್ಮನವರು, "ಆ ದೋಣೀಲಿ ಎರಡು ಸೀಟಿದೆಯಲ್ಲ, ಒಂದ್ಸಲ ನನ್ನೂ ಕೂರಿಸ್ಕೊಂಡು ಹೋಗ್ತೀಯೇನೇ? ಇವರನ್ನ ನೀನೇ ಕೇಳು, ನಾನು ಕೇಳಿದ್ರೆ ಮಂಡಿನೋವು ನೆನಪು ಮಾಡ್ತಾರೆ" ಎಂದರು. ಅದಕ್ಕೇ ಕೇಳುತ್ತಿದ್ದೇನೆ.

ಈ ಭಾನುವಾರ ಇಬ್ಬರೂ ಬನ್ನಿ. ಅಮ್ಮನವರಿಗೆ ಲೈಫ್ ಜಾಕೆಟ್ ತೊಡಿಸಿ ಮುಂದಿನ ಸೀಟಿನಲ್ಲಿ ಕೂರಿಸುತ್ತೇನೆ. ಮೊಸರನ್ನ ಅವರ ಕೈಯದೇ ಇರಲಿ. ನೀವು ದಡದಲ್ಲಿ ಕೂತು, ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು ಎಣಿಸಿ. ಒಂದೇ ಒಂದು ಮೀನು ಲೆಕ್ಕ ತಪ್ಪಿದರೂ ಸೋಮವಾರವೇ ಮನೆ ಖಾಲಿ ಮಾಡುತ್ತೇನೆ.

ನಿಮ್ಮ ಬಾಡಿಗೆಯವಳಾಗಿಯೇ ಉಳಿಯಲು ಬಯಸುವ,
ಸರ್ವಮಂಗಳಾ