ಕೆಮ್ಮು ಯಾವಾಗಿಂದ

ವಾಡಿ
18-8-2025, ಶ್ರಾವಣದ ಕಡೆಯ ಸೋಮವಾರ

ಪ್ರೀತಿಯ ತಮ್ಮ ರೇವಣಸಿದ್ದನಿಗೆ ನಿನ್ನ ಅಕ್ಕನ ಆಶೀರ್ವಾದ.

ಹೈದರಾಬಾದಿನಲ್ಲಿ ನೀನು, ಸರಿತಾ, ಮಕ್ಕಳು ಆರಾಮ ಇದ್ದೀರಿ ತಾನೆ? ನಿನ್ನ ಶುಗರ್ ಹೇಗಿದೆ? ಅದನ್ನು ನಿನ್ನ ಸ್ವಂತ ಪಾಲಿಸಿಯ ಫಾರ್ಮಿನಲ್ಲಿ ಬರೆದಿದ್ದೀಯೋ ಇಲ್ಲವೋ? ಇಲ್ಲದಿದ್ದರೆ ಇವತ್ತೇ ಬರೆಸು. ನಿನ್ನ ಮನೆಗೂ ಯಾರಾದರೂ ಊಟದ ಹೊತ್ತಿಗೆ ಬಂದಾರು, ಸರಿತಾಳೂ ನನ್ನ ಹಾಗೆ ಬಾಯಿ ಬಿಟ್ಟಾಳು. ಈ ಸಲ ಪಂಚಮಿಗೆ ನೀನು ಕರೆಯಲು ಬರಲಿಲ್ಲ. ನಿನ್ನ ಮಾವ, ಅಂದರೆ ನಮ್ಮ ಮನೆಯವರು, ತೀರಿಕೊಂಡ ವರ್ಷ ಹಬ್ಬ ಮಾಡಬಾರದು ಎಂದು ಫೋನಿನಲ್ಲಿ ಹೇಳಿದಿ. ಹಬ್ಬದ ಮರುದಿನವೇ ನಿನ್ನ ಡ್ರೈವರ್ ಮುಜೀಬನ ಕೈಯಲ್ಲಿ ಸೀರೆ ಕಳಿಸಿದಿ. ಸೀರೆಯ ಮಡಿಕೆಯಲ್ಲಿ ಬಾಂಡ್ ಪೇಪರ್ ಇತ್ತು. ಅಪ್ಪ ನನಗೆ ಅರಿಶಿನ-ಕುಂಕುಮಕ್ಕೆಂದು ಬರೆದುಕೊಟ್ಟ ತವರೂರಿನ ರೋಡಿನ ಜಾಗವನ್ನು ನಿನಗೆ ಬಿಟ್ಟುಕೊಡಬೇಕಂತೆ. ಕೆಳಗೆ ನಿನ್ನ ವಿಮೆ ಕಂಪನಿಯ ಆಫೀಸು, ಮೇಲೆ ನಿನ್ನ ಮನೆ ಕಟ್ಟುತ್ತೀಯಂತೆ. ಪಾಪ, ಮುಜೀಬ ನಾಚಿಕೊಂಡು ಬಾಗಿಲಲ್ಲೇ ನಿಂತಿದ್ದ.

ಜಾಗದ ಮಾತಿಗೆ ಆಮೇಲೆ ಬರುತ್ತೇನೆ. ನಾಲ್ಕು ವರ್ಷದ ಕೆಳಗೆ ನೀನು ನಮ್ಮ ಪಡಸಾಲೆಯಲ್ಲಿ ಕುಳಿತು ನಿನ್ನ ಮಾವನಿಗೆ ಆರೋಗ್ಯ ವಿಮೆ ಮಾಡಿಸಿದಿ. ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯ ದೂಳಿನಲ್ಲಿ ದುಡಿದ ಮನುಷ್ಯ, ನಿನ್ನ ಮಗ್ಗುಲಲ್ಲೇ ಕೆಮ್ಮುತ್ತಿದ್ದರು. ಹಳೆಯ ರೋಗ ಏನಿದೆ ಎಂಬ ಸಾಲಿಗೆ ಬಂದಾಗ ನಾನು ಕೆಮ್ಮಿನ ಮಾತು ತೆಗೆದೆ. "ಕೆಮ್ಮು ಯಾರಿಗಿಲ್ಲ ಅಕ್ಕಾ, ಅದೆಲ್ಲ ಬರಿಯೂದು ಬ್ಯಾಡ" ಎಂದು ನಿನ್ನ ಕೈಯಾರೆ 'ಇಲ್ಲ' ಎಂದು ಬರೆದಿ. ಹೋದ ವರ್ಷ ಅವರು ಉಸಿರಾಡಲಾಗದೆ ಖಾಸಗಿ ದವಾಖಾನೆ ಸೇರಿದಾಗ, ವಿಚಾರಣೆಗೆಂದು ಕಂಪನಿಯವನೊಬ್ಬ ಮನೆಗೆ ಬಂದ. ನಾನು ಬಟ್ಟೆ ಒಯ್ಯಲು ಬಂದಿದ್ದೆ. ಬಿಸಿಲಲ್ಲಿ ಬಂದವನು, ನೀನು ಕಳಿಸಿದ ಕಂಪನಿಯವನು ಎಂದು ರೊಟ್ಟಿ, ಪುಂಡಿಪಲ್ಯ ಬಡಿಸಿದೆ. "ಕೆಮ್ಮು ಯಾವಾಗಿಂದ ಅದ ಅವ್ವಾ?" ಎಂದ. "ನಮ್ಮ ದೇವಿಕಾ ತೊಟ್ಟಿಲದಾಗ ಇದ್ದಾಗಿಂದ ಅದ ಯಪ್ಪಾ. ಆ ಕೆಮ್ಮು ಕೇಳ್ಲಿಲ್ಲಂದ್ರ ನನಗ ನಿದ್ದಿನೇ ಬರಲ್ಲ" ಎಂದೆ. ಉಣ್ಣುತ್ತಲೇ ಬರೆದುಕೊಂಡ. ಸಹಿ ಕೇಳಿದ, ಓದಲು ಬರೆಯಲು ಬರುತ್ತದೆಂಬ ಜಂಬದಲ್ಲಿ ಹಾಕಿದೆ. ಅಂದು ತೊಟ್ಟಿಲಲ್ಲಿದ್ದ ನನ್ನ ಮಗಳು ದೇವಿಕಾಳಿಗೇ ಈಗ ಎರಡು ಮಕ್ಕಳು. ರೋಗ ಪಾಲಿಸಿಗಿಂತ ಹಳೆಯದು, ಮುಚ್ಚಿಟ್ಟಿದ್ದಾರೆ, ಹಣ ಕೊಡುವುದಿಲ್ಲ ಎಂದು ಎಂಟು ದಿನದಲ್ಲಿ ಕಾಗದ ಬಂತು.

ನಿನಗೆ ಫೋನ್ ಮಾಡಿ ಅತ್ತೆ. ನೀನು ಹೇಳಿದ್ದು ಒಂದೇ ಮಾತು: "ನೀ ಯಾಕ ಖರೇ ಹೇಳಕ್ಕ ಹೋದಿ ಅಕ್ಕಾ?" ಅವರು ಸತ್ತದ್ದನ್ನು ಮರೆತೇನು, ರೇವಣಸಿದ್ದ, ಈ ಮಾತನ್ನು ಮರೆಯಲಾರೆ.

ಆ ದವಾಖಾನೆಯವರು ಸಂಜೆಯೊಳಗೆ ಮಂಚ ಖಾಲಿ ಮಾಡಿಸಿದರು. ಸರ್ಕಾರಿ ದವಾಖಾನೆಗೆ ಒಯ್ದೆವು. ಅಲ್ಲಿ ಗಾದಿ ಹರಿದಿತ್ತು, ನಾನು ನೆಲದ ಮೇಲೆ ಮಲಗಿದೆ, ಗುಳಿಗೆ ತೀರಿದರೆ ಹೊರಗಿನಿಂದ ತರಬೇಕಿತ್ತು. ಆದರೂ ಮೊದಲು ಮೂಗಿಗೆ ಆಕ್ಸಿಜನ್ ಹಚ್ಚಿದರು, ಹೆಸರು ಕೇಳಿದ್ದು ಆಮೇಲೆ. ನಾಲ್ಕು ತಿಂಗಳು ಉಳಿಸಿಕೊಟ್ಟರು. ಇದು ಧರ್ಮಕ್ಕೆ ಕೊಟ್ಟದ್ದಲ್ಲ. ನಾನು ಹುಟ್ಟಿದಾಗಿನಿಂದ ಕೊಂಡ ಸೋಪು, ಎಣ್ಣೆ, ಚಪ್ಪಲಿಯಲ್ಲೆಲ್ಲ ಸರ್ಕಾರ ತೆರಿಗೆ ಹಿಡಿದಿದೆ. ಆ ಹಣದಿಂದ ನಡೆಯಬೇಕಾದ ಮೊದಲ ಕೆಲಸ ಇದೇ. ಎಮ್ಮೆಗೆ ವಿಮೆ ಇರಲಿ, ಅಂಗಡಿಗೆ ಇರಲಿ, ನಿನ್ನ ಕಾರಿಗೂ ಇರಲಿ. ಸತ್ತ ಎಮ್ಮೆಗೆ ಬದಲು ಇನ್ನೊಂದನ್ನು ಕೊಳ್ಳಬಹುದು. ಮನುಷ್ಯನ ಉಸಿರನ್ನು ಲಾಭ ನೋಡುವವರ ಕೈಗೆ ಕೊಟ್ಟರೆ, ಇಲ್ಲ ಎನ್ನಲು ಕಾರಣ ಹುಡುಕುವುದೇ ಅವರ ನೌಕರಿ ಆಗುತ್ತದೆ. ಆ ನೌಕರಿಯಲ್ಲಿ ನಿನಗೆ ಬಡ್ತಿ ಸಿಕ್ಕಿತೆಂದು ಕೇಳಿದೆ.

ತಿಂಗಳ ಹಿಂದೆ ಸನ್ನತಿಗೆ ಹೋಗಿದ್ದೆ. ಚಂದ್ರಲಾಂಬೆಯ ಮುಂದೆ ನಿಂತು ನಿನಗೆ ಶಾಪ ಹಾಕಬೇಕೆಂದೇ ಹೋದದ್ದು. ನಾನು ಎತ್ತಿ ಆಡಿಸಿದ ತಮ್ಮ, ಬಾಯಿ ಏಳಲಿಲ್ಲ. ಕಾಯಿ ಒಡೆಸಿಕೊಂಡು ಬಂದೆ. ಬರುವಾಗ ಬಸ್ಸಿನಲ್ಲಿ ನಮ್ಮ ತವರೂರಿನ ನರ್ಸಬಾಯಿ ಶಗುಫ್ತಾ ಪಕ್ಕದಲ್ಲೇ ಕುಳಿತಳು. ತಾಯಿಯೇ ಕೂಡಿಸಿದಳು ಎಂದುಕೊಂಡೆ.

ಸೀರೆ ಚೆನ್ನಾಗಿದೆ. ಮುಜೀಬನ ಕೈಯಲ್ಲೇ ವಾಪಸು ಕಳಿಸಿದ್ದೇನೆ, ಸರಿತಾ ಉಡಲಿ. ಮಕ್ಕಳಿಗೆ ನನ್ನ ಮುತ್ತು. ದೇವಿ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಕ್ಕ,
ಭೀಮಮ್ಮ

ತಾ.ಕ.: ನಿನ್ನ ಬಾಂಡ್ ಪೇಪರಿಗೆ ಸಹಿ ಮಾಡಿಲ್ಲ. ತವರೂರಿನ ಆರೋಗ್ಯ ಉಪಕೇಂದ್ರಕ್ಕೆ ಜಾಗವಿಲ್ಲದೆ ಶಗುಫ್ತಾ ಸಮಾಜಮಂದಿರದ ಕಟ್ಟೆಯ ಮೇಲೆ ಸೂಜಿ ಮಾಡುತ್ತಾಳೆ. ಮೊನ್ನೆ ಗುರುವಾರ ಚಿತ್ತಾಪುರಕ್ಕೆ ಹೋಗಿ ಆ ಜಾಗ ಪೂರಾ ಸರ್ಕಾರಿ ದವಾಖಾನೆಗೆ ದಾನ ಬರೆದು ರಿಜಿಸ್ಟರ್ ಮಾಡಿಸಿದೆ. ನೀನು ಇಳಿಸಿದ ಇಟ್ಟಿಗೆ, ಉಸುಕು ಎತ್ತಿಸಿಕೊಂಡು ಹೋಗು. ತಮ್ಮನಿಗೆ ಯಾಕೆ ಕೊಡಲಿಲ್ಲ ಎಂದು ಅಲ್ಲಿ ಕೇಳಿದರು. ಖರೇ ಹೇಳಿದೆ. ಮುಂದೆ ಶುಗರ್ ಹೆಚ್ಚಾದರೆ ನೀನೂ ಅಲ್ಲಿಗೇ ಬಾ. ಯಾವಾಗಿಂದ ಎಂದು ಅವರೂ ಕೇಳುತ್ತಾರೆ, ಔಷಧ ಕೊಡಲಿಕ್ಕೆ.