ಕೆಂಪು ಬಟ್ಟೆ ಕಟ್ಟಿದ ಮಾಮೂ ಗಿಡಗಳು

ಯೂನಿಸ್ ಊರು, ಮಂಗಳವಾರ

ಒಡೀಲ್ ಅತ್ತೆಗೆ,

ಬೀಜ ಉದುರುವವರೆಗೆ ಹಳಿಯ ಪಕ್ಕ ಕಳೆಗೆ ವಿಷ ಹೊಡೆಯುವುದಿಲ್ಲ ಎಂದಿತ್ತು ರೈಲು ಕಂಪನಿ, ಹೊಡೆಯಿತು. ಗುರುತು ಕಟ್ಟಿದ ಗಿಡ ಮುಟ್ಟುವುದಿಲ್ಲ ಎಂದಿತ್ತು, ಹುಡುಕಿ ಮುಟ್ಟಿತು. ನಿನ್ನ ಕೆಮ್ಮಿನ ಕಷಾಯಕ್ಕೆ ಬೇರು ಕೊಡುವ ಮಾಮೂ ಗಿಡಗಳಿಗೆಲ್ಲ ನಾವು ಕೆಂಪು ಬಟ್ಟೆ ಕಟ್ಟಿದ್ದೆವು. ಇಂದು ನೋಡಿದರೆ ಹಳಿಯ ಪಕ್ಕದ ಹುಲ್ಲೆಲ್ಲ ಹಸಿರು, ಬಟ್ಟೆ ಕಟ್ಟಿದವು ಮಾತ್ರ ಸುಟ್ಟು ನಿಂತಿವೆ!

“ನಮ್ಮಲ್ಲಿ ಕೆಂಪು ಅಂದ್ರೆ ಸಾಯಿಸು ಅಂತ ಕಣಮ್ಮ,” ಎಂದ ವಿಷದ ಗಾಡಿಯವನು.

“ನಿನ್ನ ಟೋಪಿನೂ ಕೆಂಪೇ ಅಲ್ವೇನೋ? ಹೊಡ್ಕೋ ಮತ್ತೆ!” ಎಂದು ಅಲ್ಸೀದ್ ಮಾವ ಅಬ್ಬರಿಸಿದ.

ನನಗೆ ಕಣ್ಣುರಿ ಬಿಟ್ಟರೆ ಆರೋಗ್ಯವೇ. ನಿನ್ನ ಡಬ್ಬಿಯಲ್ಲಿರುವ ಮಾಮೂ ಬೀಜ ಯಾರಿಗೂ ಕೊಡಬೇಡ, ಇನ್ನು ಉಳಿದದ್ದು ಅಷ್ಟೇ. ಅದನ್ನು ಹಿಡಿದು ನೀನೇ ಬಾ. ಕಾರ್ಡು ತುಂಬಿತು.

ಎಲೋದಿ

ಕಂಪನಿಯ ವಿರುದ್ಧ ನಮ್ಮೂರವರ ಸಭೆ ಹಳಿಯ ಮೇಲೆಯೇ: ಶನಿವಾರ, ಬೆಳಿಗ್ಗೆ ಏಳಕ್ಕೆ.